ಅನ್ನಭೇದಿ ಉಣ್ಣುವ ಹೆಪ್ಪು

ಬಣಕಲ್‌ನಲ್ಲಿ ಮೊದಲ ಬಸ್ಸಿನ ಹಾರನ್ ಕೇಳುವ ಹೊತ್ತಿಗೆ ಕಲ್ಲಮ್ಮ ಹಿತ್ತಲ ಶೆಡ್ಡಿನಲ್ಲಿ ಮೂರನೆಯ ಡ್ರಮ್ಮಿನ ಮುಚ್ಚಳ ತೆಗೆದಿದ್ದಾರೆ. ಕೈಗೆ ರಬ್ಬರ್ ಗವಸು, ಸೀರೆಯ ಮೇಲೆ ಗಂಡನ ಖಾಕಿ ಅಂಗಿ. ಬಿಳಿ ಪಿಂಗಾಣಿ ಬಸಿಗೆ ಒಂದು ಚಮಚ ನೀರು ಬಿಟ್ಟು ಬಾಗಿಲ ಬೆಳಕಿಗೆ ಹಿಡಿಯುತ್ತಾರೆ. ನೀರು ಡಿಕಾಕ್ಷನ್ನಿನ ಹಾಗೆ ಕೆಂಪಗಿದ್ದರೆ ಒಳಗಿನವು ಬದುಕಿವೆ. ಎಳೆ ಹಸಿರಾಗಿಯೇ ಉಳಿದಿದ್ದರೆ ಇಲ್ಲ.

"ಇದು ಉಂಡಿದೆ" ಎನ್ನುತ್ತಾರೆ. ನಾಲ್ಕನೆಯದರ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾರೆ. "ಇದ್ಯಾಕೋ ಮುನಿಸ್ಕೊಂಡಿದೆ. ಚಳಿ ಜಾಸ್ತಿ ಆಯ್ತೇನೋ." ಡ್ರಮ್ಮಿಗೆ ಇನ್ನೊಂದು ಗೋಣಿತಾಟು ಸುತ್ತುತ್ತಾರೆ.

ಡ್ರಮ್ಮಿನಲ್ಲಿರುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಅನ್ನಭೇದಿ ಎಂಬ ಕಬ್ಬಿಣದ ಉಪ್ಪು ಅವುಗಳ ಊಟ. ಜತೆಗೆ ಚಿಟಿಕೆ ಗೊಬ್ಬರ, ಮೀನಿನ ತೊಟ್ಟಿಗೆ ಹಾಕುವ ಪಂಪಿನ ಗಾಳಿ. ಅವು ಉಂಡು ಕೆಂಪಾಗಿಸಿದ ಹುಳಿನೀರಿಗೆ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ, ಕಂಪ್ಯೂಟರಿನ ಸರ್ಕ್ಯೂಟ್ ಕಾರ್ಡುಗಳ ಅಂಚು ಕತ್ತರಿಸಿ ಹಾಕುತ್ತಾರೆ. ಆ ಅಂಚಿಗೆ ಕಲ್ಲಮ್ಮ 'ಹಲ್ಲು' ಎನ್ನುತ್ತಾರೆ. ಹಲ್ಲಿನ ಅಡಿಯ ತಾಮ್ರ ನೀರಿನಲ್ಲಿ ಕರಗಿಹೋಗುತ್ತದೆ. ಮೇಲಿನ ಚಿನ್ನದ ಲೇಪ ಕರಗದೆ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಬಿಟ್ಟುಕೊಂಡು ತೇಲುತ್ತದೆ. ಅದನ್ನು ಮಲ್ಲುಬಟ್ಟೆಯಲ್ಲಿ ಸೋಸುತ್ತಾರೆ. ಉಳಿದ ನೀರಿಗೆ ಹಳೆಯ ಮೊಳೆ ಹಾಕಿದರೆ ತಾಮ್ರ ಬಂದು ಮೊಳೆಗೆ ಕೂರುತ್ತದೆ. ಕೊನೆಗೆ ನೀರಿನ ಹುಳಿ ಮುರಿಯಲು ಸುಣ್ಣ.

ದಿನಕ್ಕೆ ಮೂರು ಸಲ ಆರು ಡ್ರಮ್ಮುಗಳನ್ನು ನೋಡಬೇಕು. ಎರಡು ಕಿಲೋ ಹಲ್ಲಿಗೆ ಹನ್ನೆರಡು ದಿನ ಹಿಡಿಯುತ್ತದೆ. ಸಿಗುವ ಚಿನ್ನ ಒಂದೂವರೆ ಗ್ರಾಂ, ಅದೂ ಕಾರ್ಡು ಒಳ್ಳೆಯದಿದ್ದರೆ.

ಕಲ್ಲಮ್ಮನ ಗಂಡ ಗುರುವಯ್ಯ ಇದೇ ಕೆಲಸವನ್ನು ಎರಡು ಗಂಟೆಯಲ್ಲಿ ಮುಗಿಸುತ್ತಿದ್ದರು. ರೇಡಿಯೊ, ಟಿವಿ ರಿಪೇರಿ ಮಾಡಿಕೊಂಡಿದ್ದವರು. ತೊಂಬತ್ತರ ದಶಕದ ನಡುವೆ ಊರೂರಿನ ಎಕ್ಸ್‌ಚೇಂಜುಗಳು ಬದಲಾದಾಗ ಹಳೆಯ ಕಾರ್ಡುಗಳು ಗುಜರಿಗೆ ಬಂದವು. ಗುರುವಯ್ಯ ಹಿತ್ತಲಲ್ಲಿ ಮಣ್ಣಿನ ಮಡಕೆಯಿಟ್ಟು ಆ್ಯಸಿಡ್ ಸುರಿದರು. ಕಂದು ಹೊಗೆ ಏಳುತ್ತಿತ್ತು. ಮಳೆಗಾಲದಲ್ಲಿ ಮಡಕೆ ಮಾಡಿನೊಳಗೆ ಬರುತ್ತಿತ್ತು.

"ಬೇಸಿಗೇಲಿ ಊರಿಡೀ ಕಾಫಿ ಹೂವಿನ ವಾಸ್ನೆ ಇರ್ತಿತ್ತು. ನಮ್ಮನೇಲಿ ಮಾತ್ರ ಹೊಗೆ" ಎನ್ನುತ್ತಾರೆ ಕಲ್ಲಮ್ಮ.

1999ರಲ್ಲಿ ಕಾಲೇಜೊಂದರ ಮೇಷ್ಟ್ರು ವಿಷ್ಣುಮೂರ್ತಿ ರೇಡಿಯೊ ರಿಪೇರಿಗೆಂದು ಬಂದು ಆ ಹೊಗೆ ಕಂಡರು. ಮುಂದಿನ ವಾರ ಕೆಂಪು ನೀರಿನ ಒಂದು ಜಾಡಿ ತಂದರು. ಕಳಸದ ಆಚೆ, ಹಿಂದೆ ಅದಿರಿಗಾಗಿ ಅಗೆದ ಗುಡ್ಡದ ಬುಡದಲ್ಲಿ ಜಿನುಗುವ ನೀರಿನಿಂದ ಬೆಳೆಸಿದ್ದು. ಗುರುವಯ್ಯ ನಕ್ಕರಂತೆ. "ಹುಳಕ್ಕೆ ಹನ್ನೆರಡು ದಿನ ಊಟ ಹಾಕ್ಕೊಂಡು ಕೂತ್ರೆ ನಮಗೆ ಊಟ ಹಾಕೋರ್ಯಾರು ಸಾರ್?"

ಮಾರನೆಯ ವರ್ಷ ಮಾರ್ಚಿನಲ್ಲಿ ಗುರುವಯ್ಯ ತೀರಿಕೊಂಡರು. ಕೊನೆಯ ತಿಂಗಳು ಕೂತೇ ನಿದ್ದೆ ಮಾಡುತ್ತಿದ್ದರು, ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಆಗ ಕಲ್ಲಮ್ಮನಿಗೆ ಮೂವತ್ತೆಂಟು.

"ನಾನು ಅತ್ನೋ ಇಲ್ವೋ ನೆನಪಿಲ್ಲ. ಹದಿನಾರನೇ ದಿನ ಮೇಷ್ಟ್ರು ಬಿಟ್ಟೋಗಿದ್ದ ಜಾಡಿ ಕಣ್ಣಿಗೆ ಬಿತ್ತು. ಅದ್ರ ಬಣ್ಣ ಇಳಿದಿತ್ತು. ಅನ್ನಭೇದಿ ಹಾಕಿದೆ. ಅದು ನೆನಪಿದೆ."

ಕೆಲಸ ಕಲಿಸಿದವರು ವಿಷ್ಣುಮೂರ್ತಿ. ಬ್ಯಾಕ್ಟೀರಿಯಾ ಎಂಬ ಮಾತು ಕಲ್ಲಮ್ಮನ ನಾಲಿಗೆಗೆ ಹತ್ತಲಿಲ್ಲ. ಮೇಷ್ಟ್ರು ಯೋಚಿಸಿ, "ಹೆಪ್ಪು ಅಂದ್ಕೊ ಕಲ್ಲಮ್ಮ. ಹಳೇದ್ರಲ್ಲಿ ಒಂಚೂರು ಉಳಿಸ್ಕೊ, ಹೊಸದಕ್ಕೆ ಹಾಕು" ಎಂದರು. ಅಂದಿನಿಂದ ಅದು ಹೆಪ್ಪೇ ಆಯಿತು. ಮೊಸರಿನ ಹೆಪ್ಪಿಗೆ ಮನೆಯಲ್ಲಿ ಏನೇನು ನೇಮವಿತ್ತೋ ಅಷ್ಟೂ ಇದಕ್ಕೂ ಬಂತು. ಮುಟ್ಟಿನ ದಿನ ಡ್ರಮ್ಮಿನ ಹತ್ತಿರ ಹೋಗುತ್ತಿರಲಿಲ್ಲ, ದೂರದಿಂದಲೇ ಅನ್ನಭೇದಿ ಎಸೆಯುತ್ತಿದ್ದರು. ದೀಪ ಹಚ್ಚಿದ ಮೇಲೆ ಹೆಪ್ಪು ಹೊರಗೆ ಕೊಡುತ್ತಿರಲಿಲ್ಲ. ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲ. ಅವರು ನಿವೃತ್ತರಾಗಿ ಜಿಲ್ಲೆ ಬಿಟ್ಟರು. ಕಾಲೇಜಿನ ಫ್ರಿಜ್ಜಿನಲ್ಲಿ ಅವರು ಇಟ್ಟಿದ್ದ ಸೀಸೆಗಳನ್ನು ಆಮೇಲೆ ಯಾರೋ ತುಕ್ಕುನೀರೆಂದು ಚೆಲ್ಲಿದರು.

2006ರ ಜುಲೈನಲ್ಲಿ ಒಂದು ಸಂಜೆ ಗೋಣಿಬೀಡಿನ ರುಕ್ಮಿಣಮ್ಮ ಕ್ಯಾನು ಹಿಡಿದು ಬಂದರು. ಅವರ ಗಂಡ ರುದ್ರಪ್ಪ, ಗುರುವಯ್ಯನಿಂದಲೇ ಆ್ಯಸಿಡ್ ಕೆಲಸ ಕಲಿತವರು, ಕೆಮ್ಮತೊಡಗಿದ್ದರು. ಅಂತೂ ಹೆಂಡತಿಯ ಮಾತಿಗೆ ಆ್ಯಸಿಡ್ ಬಿಡಲು ಒಪ್ಪಿದ್ದರು.

ಅಂದಿನ ಮಾತುಗಳನ್ನು ಕಲ್ಲಮ್ಮ ಒಂದೂ ಬಿಡದೆ ಹೇಳುತ್ತಾರೆ.

"ಒಂದು ಲೀಟರ್ ಸಾಕು ಕಲ್ಲಕ್ಕ."

"ದೀಪ ಹಚ್ಚಿಬಿಟ್ಟೆನಲ್ಲೇ ಮಾರಾಯ್ತಿ."

"ನಿನ್ ಹುಳ ದೀಪ ನೋಡುತ್ತಾ? ಕೊಡೇ, ಕೊನೇ ಬಸ್ ಹೋಗುತ್ತೆ."

"ಬೆಳಿಗ್ಗೆ ಬಾ. ಎರಡು ಲೀಟರ್ ಕೊಡ್ತೀನಿ."

ರುಕ್ಮಿಣಮ್ಮ ಖಾಲಿ ಕ್ಯಾನಿನೊಂದಿಗೆ ಬಸ್ಸು ಹತ್ತಿದರು. ಆ ರಾತ್ರಿ ಗಾಳಿಗೆ ಮರಗಳು ಲೈನಿನ ಮೇಲೆ ಬಿದ್ದವು. ಆರು ದಿನ ಕರೆಂಟಿಲ್ಲ, ಬಸ್ಸೂ ಇಲ್ಲ. ಪಂಪು ನಿಂತು ಗಾಳಿ ನಿಂತಿತು. ಕಲ್ಲಮ್ಮ ಕೋಲು ಹಾಕಿ ಕಲಕಿದರು, ಬಚ್ಚಲ ಒಲೆಯ ಪಕ್ಕ ಹೆಪ್ಪು ಉಳಿಸಿದ್ದ ಜಾಡಿ ಇಟ್ಟರು. ಒಲೆಯ ಬದಿ ಎಷ್ಟು ಬಿಸಿಯಾದೀತೆಂದು ತಿಳಿಯಲಿಲ್ಲ. ಏಳನೆಯ ದಿನ ರುಕ್ಮಿಣಮ್ಮ ಬಂದಾಗ ಆರು ಡ್ರಮ್ಮೂ ಹೋಗಿದ್ದವು, ಜಾಡಿಯೂ. ಹೊಸ ಅನ್ನಭೇದಿ ಹಾಕಿದ್ದು ಹಸಿರಾಗಿಯೇ ಉಳಿಯಿತು.

"ಅವತ್ತು ಕೊಟ್ಟಿದ್ರೆ ಗೋಣಿಬೀಡಲ್ಲಿ ಒಂದು ಉಳಿದಿರ್ತಿತ್ತು. ಅಲ್ಲಿ ಕರೆಂಟ್ ಹೋಗಿರ್ಲಿಲ್ಲ."

ವಿಷ್ಣುಮೂರ್ತಿಯವರಿಗೆ ಫೋನು ಮಾಡಿದರು. ಮತ್ತೆ ಆ ಗುಡ್ಡದ ನೀರೇ ಗತಿ ಎಂದರು ಮೇಷ್ಟ್ರು. ಆದರೆ ಮಳೆ ನಿಲ್ಲಲಿ, ಈಗ ಬರೀ ತಿಳಿನೀರು ಸಿಕ್ಕೀತು ಎಂದೂ ಹೇಳಿದರು. ಕಲ್ಲಮ್ಮನಿಗೆ ತಡೆಯಲಾಗಲಿಲ್ಲ. ಗೋಣಿಬೀಡಿನಲ್ಲಿ ರುದ್ರಪ್ಪನ ಆ್ಯಸಿಡ್ ಮಡಕೆ ಮತ್ತೆ ಮಾಡಿನೊಳಗೆ ಬಂದಿತ್ತು. ಆಗಸ್ಟಿನಿಂದ ನವೆಂಬರಿನವರೆಗೆ ಕಳಸದ ಬಸ್ಸಿನಲ್ಲಿ ಹತ್ತು ಸಲ ಹೋದರು. ಜಿಗಣೆ ಕಚ್ಚಿದ ಕಾಲಿನಲ್ಲಿ ಕ್ಯಾನು ಹೊತ್ತು ತಂದರು. ಕಂಡಕ್ಟರ್ ಗುರುತು ಹಿಡಿದು, "ಏನಮ್ಮ, ನಿಮ್ಮೂರಲ್ಲಿ ನೀರಿಲ್ವಾ?" ಎಂದು ಕೇಳುತ್ತಿದ್ದ. ಹತ್ತೂ ಜಾಡಿ ಹಸಿರಾಗಿಯೇ ಕೂತವು.

ರುದ್ರಪ್ಪ ದೀಪಾವಳಿಯ ಮೂರು ವಾರದ ನಂತರ ತೀರಿಕೊಂಡರು. ಕಲ್ಲಮ್ಮ ಹೋಗಿದ್ದರು. ಅವರನ್ನು ಕಂಡು ರುಕ್ಮಿಣಮ್ಮ ಒಳಗೆ ಎದ್ದುಹೋದರು.

ಹನ್ನೊಂದನೆಯ ಸಲ ಹೋಗಿದ್ದು ಫೆಬ್ರವರಿಯಲ್ಲಿ. ಗುಡ್ಡದ ಬುಡ ಒಣಗಿತ್ತು, ಒಂದೇ ಕಡೆ ಅಂಗೈಯಗಲ ಕೆಂಪು ಕೆಸರು. ಹತ್ತೊಂಬತ್ತನೆಯ ದಿನ ಜಾಡಿಯ ಒಂದು ಬದಿಯಲ್ಲಿ ಬಣ್ಣ ತಿರುಗಿತು. ಡ್ರಮ್ಮಿಗೆ ಹಾಕುವ ಮೊದಲೇ ಅರ್ಧ ಲೀಟರ್ ತೆಗೆದುಕೊಂಡು ಕಲ್ಲಮ್ಮ ಗೋಣಿಬೀಡಿನ ಬಸ್ಸು ಹತ್ತಿದರು.

ರುಕ್ಮಿಣಮ್ಮ ಬಾಗಿಲಲ್ಲೇ ನಿಂತರು.

"ಈಗ್ಯಾಕೆ ತಂದೆ?"

ಕಲ್ಲಮ್ಮ ಜಗಲಿಯ ಮೇಲೆ ಕ್ಯಾನಿಟ್ಟು ಕೂತರು. ಬಹಳ ಹೊತ್ತಾದ ಮೇಲೆ ರುಕ್ಮಿಣಮ್ಮ ಒಳಗಿನಿಂದ ಒಂದು ಪ್ಲಾಸ್ಟಿಕ್ ಬಕೆಟ್ ತಂದಿಟ್ಟು, "ಇದಕ್ಕೆ ದಿನಕ್ಕೆ ಎಷ್ಟು ಹಾಕ್ಬೇಕು?" ಎಂದರು. ಆ ಬಕೆಟ್ ಒಂದೂವರೆ ವರ್ಷದಿಂದ ಕೆಂಪಾಗಿದೆ. ಈಗಲೂ ಅವರಿಬ್ಬರ ಮಾತು ಅನ್ನಭೇದಿ, ಚಳಿ, ಪಂಪಿನ ಆಚೆ ಹೋಗುವುದಿಲ್ಲ.

ಸದ್ಯಕ್ಕೆ ಹೆಪ್ಪು ಐದು ಮನೆಗಳಲ್ಲಿದೆ. ಮೂಡಿಗೆರೆಯ ಗುಜರಿ ಅಂಗಡಿಯಲ್ಲಿ ಎರಡು ಮಡಕೆಗಳು ಇನ್ನೂ ಹೊಗೆಯಾಡುತ್ತಿವೆ. ಕಲ್ಲಮ್ಮ ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಬೈಸಿಕೊಂಡು ಬರುತ್ತಾರೆ. "ಹನ್ನೆರಡು ದಿನ ಕಾಯೋಕೆ ನಾವೇನು ಬಸ್ರೀನಾ ಅಂತಾರೆ. ಅನ್ಲಿ. ನಮ್ಮನೆಯವ್ರೂ ಹಂಗೇ ಅಂತಿದ್ರು."

ಫೋಟೊ ಬೇಡ ಎನ್ನುತ್ತಾರೆ. ಪತ್ರಿಕೆಯಲ್ಲಿ ಏನು ಬರೆಯಬೇಕೆಂದು ಕೇಳಿದರೆ ಗವಸು ಕಳಚಿ, ಕೈ ಒರೆಸಿಕೊಳ್ಳುತ್ತಾರೆ.

"ಬೇಕಾದೋರು ಪ್ಲಾಸ್ಟಿಕ್ ಕ್ಯಾನ್ ತರ್ಲಿ ಅಂತ ಬರೀರಿ. ಸ್ಟೀಲಿಂದು ತಂದ್ರೆ ತಿಂದ್ಹಾಕುತ್ತೆ."

ಎಷ್ಟು ಗಂಟೆಯೊಳಗೆ ಬರಬೇಕು, ದೀಪ ಹಚ್ಚುವ ಮೊದಲೇ?

"ಗಂಟೆ ಬರೀಬೇಡಿ" ಎನ್ನುತ್ತಾರೆ ಕಲ್ಲಮ್ಮ.