ಮಣೆ ಕಿತ್ತ ದೋಣಿ

ಹೊಳೆ, ದೋಣಿ ಅಂದರೆ ಕೆಲವರಿಗೆ ಮನಸ್ಸು ಅರಳುತ್ತದೆ. ನನಗೆ ಸೊಂಟ ಹಿಡಿಯುತ್ತದೆ. ಎಂಬತ್ತರ ದಶಕ ಶುರುವಾದ ಕಾಲಕ್ಕೆ ನಾನು ಆದೋನಿಯ ಒಂದು ಹತ್ತಿ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದೆ. ವಾರವಿಡೀ ಬೆಲ್ಟು, ಬೇರಿಂಗು, ಕಿವಿಯೊಳಗೆ ಯಂತ್ರದ ಸದ್ದು, ಮೂಗಿನೊಳಗೆ ಹತ್ತಿಯ ಧೂಳು. ಭಾನುವಾರ ಒಂದು ದಿನ ಉಂಡು ಮಲಗಿದರೆ ಸಾಕಪ್ಪ ಅನ್ನುವ ಮನುಷ್ಯ ನಾನು. ಅಂಥವನ ಒಂದು ಬೇಸಿಗೆಯ ಭಾನುವಾರಗಳನ್ನೆಲ್ಲ ಒಂದು ಹಳೆಯ ಅಲ್ಯುಮಿನಿಯಂ ದೋಣಿ ನುಂಗಿ ನೀರು ಕುಡಿಯಿತು.

ಅದಕ್ಕೆ ಕಾರಣ ಅಪ್ಪನ ಮೊಣಕಾಲು. ನಮ್ಮೂರು ತುಂಗಭದ್ರೆಯ ದಂಡೆಯಲ್ಲಿದೆ. ನಾವು ಮೀನು ಹಿಡಿಯುವ ಮಂದಿ. ಅಪ್ಪ ಮೀಸೆ ಮೂಡುವ ಮೊದಲೇ ಹರಿಗೋಲು ಹತ್ತಿದವನು. ಹರಿಗೋಲು ಅಂದರೆ ಬಿದಿರು ಹೆಣೆದ ದೊಡ್ಡ ಬುಟ್ಟಿ, ಹೊರಗೆ ಡಾಂಬರು ಬಳಿದ ಗೋಣಿ. ಅದರಲ್ಲಿ ಆಸನ ಗೀಸನ ಏನೂ ಇರುವುದಿಲ್ಲ. ಕುಕ್ಕರುಗಾಲಿನಲ್ಲಿ ಕೂತು ಹುಟ್ಟು ಎಳೆಯಬೇಕು. ಹಿಂದಿನ ಮಳೆಗಾಲದಲ್ಲಿ ಅಪ್ಪ ಹಾಗೆ ಕೂತವನು ಮೇಲೇಳಲಾಗದೆ, ಊರವರು ರಟ್ಟೆ ಹಿಡಿದು ದಡಕ್ಕೆ ಎತ್ತಿ ಇಳಿಸಿದ್ದರು. ಅಂದಿನಿಂದ ಹೊಳೆ ಬಂದ್. ಮನೆಯ ಮುಂದಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಬೇರೆಯವರ ಹರಿದ ಬಲೆ ಹೆಣೆದು ಕೊಡುತ್ತ, ಯಾರು ಬಂದರೂ ಮುಖ ಗಂಟಿಕ್ಕಿಕೊಂಡು, ಊಟಕ್ಕೆ ಕರೆದರೆ ಆಮೇಲೆ ಅನ್ನುತ್ತ ಕಾಲ ತಳ್ಳುತ್ತಿದ್ದ. ದಿನದಿಂದ ದಿನಕ್ಕೆ ಸೊರಗುತ್ತಿದ್ದ. ಅದನ್ನು ನೋಡಲು ನನಗೆ ಸಂಕಟವಾಗುತ್ತಿತ್ತು. ನೋಡಬಾರದೆಂದು ಆದೋನಿಯಲ್ಲೇ ಉಳಿದರೆ ಇನ್ನೂ ಸಂಕಟ.

ಅವ್ವ ಹೊಳಗುಂದದ ಕಡೆಯವಳು, ಮಾತು ಕಡಿಮೆ. ಒಂದು ಸಲ ನನ್ನನ್ನು ಹಿತ್ತಲಿಗೆ ಕರೆದು ಹೇಳಿದಳು: "ಈತನ್ನ ಮನ್ಯಾಗ ಇಟ್ಕಂಡು ನನಗ ಬಾಳೇವು ಮಾಡಾಕ ಆಗೂದಿಲ್ಲಪ. ಹಿಂಗಽ ಇನ್ನೊಂದು ಮಳಿಗಾಲ ಕುಂತ್ರ ಉಳ್ಯಾಂಗಿಲ್ಲ. ಹೊಸ ನೀರು ಬರಾದ್ರಾಗ ಹೆಂಗರ ಮಾಡಿ ಹೊಳಿಗೆ ಕಳ್ಸು."

ಹೊಸ ನೀರು ಅಂದರೆ ಆಷಾಢದ ಹೊತ್ತಿಗೆ ಮೇಲಿನಿಂದ ಬರುವ ಕೆಂಪು ನೀರು. ಅಷ್ಟರೊಳಗೆ, ಕುಕ್ಕರುಗಾಲು ಹಾಕದೆ ಕೂರುವಂಥದ್ದೇನಾದರೂ ಸಿಗಬೇಕಿತ್ತು.

ಸಿಕ್ಕಿದ್ದು ಆದೋನಿಯ ಒಂದು ಗುಜರಿ ಅಂಗಡಿಯ ಹಿತ್ತಲಲ್ಲಿ. ಯಾವುದೋ ಕೆರೆಯ ಕೆಲಸಕ್ಕೆ ಬಂದ ಗುತ್ತಿಗೆದಾರ ಬಿಟ್ಟುಹೋದ ದೋಣಿಯಂತೆ. ಹೊಟ್ಟೆಯ ತುಂಬ ಮಣ್ಣು, ಮಣ್ಣಿನಲ್ಲಿ ತುಂಬೆ ಗಿಡ. ಅಂಗಡಿಯವನು ಅದನ್ನು ಒಡೆದು ಪಾತ್ರೆ ಎರಕಕ್ಕೆ ಕಳಿಸುವವನಿದ್ದ. ನನಗೆ ಬೇಕು ಅಂದಾಗ ನನ್ನ ಮುಖವನ್ನೇ ನೋಡಿದ. "ಪಾನಿ ಕಾಂ ಹೈ ಭಾಯ್ ಆದೋನಿ ಮೆಂ," ಅಂದ. ನೀರೆಲ್ಲಿದೆ ಅಂತ ಅವನು ಕೇಳಿದ್ದು ಸರಿಯೇ. ಆ ಬೇಸಿಗೆ ನಮ್ಮ ಓಣಿಯ ನಲ್ಲಿಯಲ್ಲೇ ನೀರಿರಲಿಲ್ಲ.

ಹತ್ತಿ ಇಳಿಸಿ ಖಾಲಿ ಹೊರಟ ಲಾರಿಯೊಂದರ ಮೇಲೆ ಅದನ್ನು ಬೋರಲು ಹಾಕಿ ಕಟ್ಟಿದೆವು. ಪೆದ್ದಕಡುಬೂರಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಜನ ಸುತ್ತುಗಟ್ಟಿದರು. "ಇದಿ ಎಕ್ಕಡಿಕಿ ಅನ್ನಾ, ಸಮುದ್ರಾನಿಕಾ?" ಎಂದು ಒಬ್ಬ ತೆಲುಗಿನಲ್ಲಿ ಛೇಡಿಸಿದ. ಹೌದು, ಸಮುದ್ರಕ್ಕೇ ಹೊರಟಿದ್ದೇವೆ, ನೀನೂ ಬಾ ಅಂದೆ. ಎಲ್ಲರೂ ನಕ್ಕರು. ನನಗೆ ನಗುವಷ್ಟು ತ್ರಾಣವಿರಲಿಲ್ಲ.

ಊರಲ್ಲಿ ಬೇವಿನ ಮರದ ಕೆಳಗೆ ಇಳಿಸಿ ನೆಲ ಬಿಚ್ಚಿದೆ. ದೋಣಿಯ ಒಳನೆಲಕ್ಕೆ ಹಾಕಿದ್ದ ಪ್ಲೈವುಡ್ ಪದರುಪದರಾಗಿ ಎದ್ದು, ಕೈ ಹಚ್ಚಿದರೆ ಸಾರಿನಲ್ಲಿ ನೆನೆದ ರೊಟ್ಟಿಯಂತೆ ಮುರಿದು ಬರುತ್ತಿತ್ತು. ಅದರ ಕೆಳಗೆ, ದೋಣಿ ಮುಳುಗದಿರಲಿ ಅಂತ ತುಂಬಿದ್ದ ಥರ್ಮಾಕೋಲು ವರ್ಷಗಟ್ಟಲೆ ನೀರು ಹೀರಿ ತಾನೇ ಮುಳುಗುವಷ್ಟು ಭಾರವಾಗಿತ್ತು. ಅದನ್ನೆಲ್ಲ ಬಾಚಿ ತೆಗೆದ ಮೇಲೆ ತಳ ಕಂಡಿತು. ತಳಕ್ಕೆ ಅಡ್ಡಡ್ಡಲಾಗಿ ಪಕ್ಕೆಲುಬಿನ ಹಾಗೆ ಪಟ್ಟಿಗಳಿದ್ದವು, ಕೆಲವು ಸೀಳಿದ್ದವು. ಯಾರೋ ಪುಣ್ಯಾತ್ಮ ಅವಕ್ಕೆ ಕಬ್ಬಿಣದ ಬೋಲ್ಟು ಹಾಕಿದ್ದ. ಕಬ್ಬಿಣ ತಾಗಿದಲ್ಲೆಲ್ಲ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉದುರಿ ತೂತು ಬಿದ್ದಿತ್ತು. ಇದು ಒಂದೆರಡು ಭಾನುವಾರದ ಬಾಬತ್ತಲ್ಲ ಅಂತ ಅವತ್ತೇ ಗೊತ್ತಾಯಿತು. ಎದ್ದು ಬಸ್ಸು ಹಿಡಿದು ಹೋಗಿಬಿಡಲೇ ಅನ್ನಿಸಿತು. ಆದರೆ ಅಪ್ಪ ಕಟ್ಟೆಯಿಂದ ಇಳಿದು, ಕೋಲೂರಿಕೊಂಡು ಬಂದು, ಬಹಳ ದಿನಗಳ ಮೇಲೆ ತಾನಾಗಿ ಬಾಯಿ ಬಿಟ್ಟ. "ತಳ ಗಟ್ಟಿ ಐತಿ," ಅಂದ. ತಳ ಗಟ್ಟಿಯೇನೂ ಇರಲಿಲ್ಲ. ನಾನು ಹೂಂ ಅಂದೆ.

ದೋಣಿಯಲ್ಲಿ ಈ ಅಂಚಿನಿಂದ ಆ ಅಂಚಿಗೆ ಮೂರು ಅಡ್ಡಮಣೆಗಳಿದ್ದವು, ಕೂರಲಿಕ್ಕೆ. ರಾಮಾಯಣ ಶುರುವಾದದ್ದು ಅವುಗಳಿಂದ. ಚಿಕ್ಕಪ್ಪ ನಮ್ಮೂರಿನ ಹರಿಗೋಲುಗಳನ್ನೆಲ್ಲ ಹೆಣೆಯುವವನು. ದೋಣಿಯ ಸುತ್ತ ಒಂದು ಸುತ್ತು ಬಂದು, ಅಂಚು ಅಲುಗಿಸಿ ನೋಡಿ, ತೀರ್ಪು ಕೊಟ್ಟ.

"ಇವು ಮೂರೂ ಕಿತ್ತಿ ಒಗಿ. ಬಲಿ ಎಲ್ಲಿ ಇಡ್ತಿ, ಮೀನ ಎಲ್ಲಿ ಹಾಕ್ತಿ? ಹರಿಗೋಲಿನಾಗ ಯಾರರ ಬೆಂಚ ಹಾಕ್ಕಂತಾರೇನು?"

"ಕುಂದ್ರಾಕ ಅಂತಲೇ ತಂದಿದ್ದು ಚಿಕ್ಕಪ್ಪ," ಅಂದೆ ನಾನು.

ಅಪ್ಪನ ಮುಖ ಬಿಗಿಯಿತು. "ಬೆಂಚಿನ ಮ್ಯಾಲೆ ಕುಂತು ಮೀನ ಹಿಡ್ಯಾಕ ನಾನೇನು ತಾಸೀಲ್ದಾರನೇನಲೇ? ನೆಲದ ಮ್ಯಾಲೆ ಕಾಲು ಚಾಚ್ಕಂಡು ಕುಂದುರ್ತೀನಿ. ಕೀಳು."

ಊರ ಮಂದಿಯೆಲ್ಲ ನೋಡುವಾಗ ಹೊಳೆಯ ನಡುವೆ ಕುರ್ಚಿ ಹಾಕಿಕೊಂಡವನಂತೆ ಕೂರುವುದು ಅವನಿಗೆ ನಾಚಿಕೆ. ಚಿಕ್ಕಪ್ಪನ ಲೆಕ್ಕವೂ ಅವನ ಕೆಲಸಕ್ಕೆ ತಕ್ಕಂತೆ ಸರಿಯೇ ಇತ್ತು. ಹರಿಗೋಲಿನ ಬಲವೆಲ್ಲ ಬಾಯಿಯ ಸುತ್ತ ಬಿಗಿದ ಕಟ್ಟಿನಲ್ಲಿ. ಅದು ಗಟ್ಟಿಯಿದ್ದರೆ ನಡುವೆ ಏನೂ ಬೇಡ. ಈ ದೋಣಿಯ ಅಂಚೂ ದಪ್ಪವಾಗಿಯೇ ಇತ್ತು. ಸರಿ, ನಾನು ರಿವೆಟ್ಟುಗಳ ತಲೆ ಕೊರೆದು ಮಣೆಗಳನ್ನು ಕಿತ್ತೆ. ನಡುವಿನದನ್ನು ಅವ್ವ ಕೋಳಿಗೂಡಿನ ಮೇಲೆ ಹೊದಿಸಿದಳು. ಉಳಿದೆರಡು ಹಿತ್ತಲ ಸೇರಿದವು.

ಆಮೇಲಿನ ವಾರಗಳು ಒಂದರಂತೆ ಒಂದು. ಶನಿವಾರ ಪಾಳಿ ಮುಗಿಸಿ ಬಸ್ಸು ಹತ್ತಿದರೆ ನಿಂತಲ್ಲೇ ತೂಕಡಿಕೆ. ಬೆಳಿಗ್ಗೆ ಬಿಸಿಲೇರುವ ತನಕ ಕೆಲಸ. ಬಿಸಿಲೇರಿದರೆ ಅಲ್ಯುಮಿನಿಯಂ ಮುಟ್ಟಲಾಗದಂತೆ ಕಾಯುತ್ತಿತ್ತು. ಮತ್ತೆ ಇಳಿಹೊತ್ತಿಗೇ ಕೈ ಹಚ್ಚುವುದು. ಸೋಮವಾರ ಮಿಲ್ಲಿಗೆ ಹೋದರೆ ಜೊತೆಯವರು "ಏನು ಕ್ಯಾಪ್ಟನ್, ಹಡಗು ಎಲ್ಲಿಗೆ ಬಂತು" ಎಂದು ಕೇಳುತ್ತಿದ್ದರು. ಮೊದಮೊದಲು ಉತ್ತರ ಕೊಡುತ್ತಿದ್ದೆ, ಆಮೇಲೆ ಅದನ್ನೂ ಬಿಟ್ಟೆ.

ಸೀಳಿದ ಪಟ್ಟಿಗಳಿಗೆ, ತೂತು ಬಿದ್ದ ಕಡೆಗಳಿಗೆ ಅದೇ ಗುಜರಿಯಿಂದ ತಂದ ಅಲ್ಯುಮಿನಿಯಂ ತುಂಡುಗಳನ್ನು ಜೋಡಿಸಿ ರಿವೆಟ್ ಬಡಿದೆ. ರಿವೆಟ್ ಒಬ್ಬನ ಕೆಲಸವಲ್ಲ. ಹೊರಗಿನಿಂದ ಒಬ್ಬ ಅದರ ತಲೆಗೆ ಭಾರದ ಕಬ್ಬಿಣ ಒತ್ತಿ ಹಿಡಿಯಬೇಕು, ಒಳಗಿನಿಂದ ಇನ್ನೊಬ್ಬ ಬಡಿದು ತುದಿ ಚಪ್ಪಟೆ ಮಾಡಬೇಕು. ಹಿಡಿಯುವವನು ಅಪ್ಪ. ಕಲ್ಲುಗಳ ಮೇಲೆ ಏರಿಸಿದ ದೋಣಿಯ ಕೆಳಗೆ ಅಂಗಾತ ಮಲಗಿ, ಕಬ್ಬಿಣದ ಗಟ್ಟಿಯನ್ನು ಎರಡೂ ಕೈಯಿಂದ ಮೇಲಕ್ಕೆ ಒತ್ತಿ ಹಿಡಿಯುತ್ತಿದ್ದ. ನಾನು ಹಾಕಿದ ಪ್ರತಿ ಏಟೂ ಅವನ ಭುಜಕ್ಕೆ ಇಳಿಯುತ್ತಿತ್ತು. ಸಾಕಾ ಅಂದರೆ "ಹೊಡಿ" ಅನ್ನುತ್ತಿದ್ದ. ದೋಣಿಯ ಆಚೆ ಈಚೆ ನಮ್ಮಿಬ್ಬರ ನಡುವೆ ಅಷ್ಟೇ ಮಾತು. ಸಂಜೆ ಅವ್ವ ಅವನ ಭುಜಕ್ಕೆ ಹರಳೆಣ್ಣೆ ತಿಕ್ಕುವಾಗ ಅವನು ಕಣ್ಣು ಮುಚ್ಚಿಕೊಂಡಿರುತ್ತಿದ್ದ. ಆದರೆ ಊಟಕ್ಕೆ ಕರೆದರೆ ಬರುತ್ತಿದ್ದ.

ಸಂದುಗಳಿಗೆ, ಮಿಲ್ಲಿನಲ್ಲಿ ಪೈಪು ಜೋಡಿಸುವಾಗ ಮಾಡುವ ಹಾಗೆ, ಹತ್ತಿ ನೂಲಿಗೆ ಸಫೇದಾ ಅನ್ನುವ ಬಿಳಿ ಲೇಪ ಸವರಿ ತುಂಬಿದೆ. ಅದರ ಮೇಲೆ ಚಿಕ್ಕಪ್ಪ ನನ್ನನ್ನು ಕೇಳದೆ, ಹರಿಗೋಲಿಗೆ ಬಳಿಯುವಂತೆ ಡಾಂಬರು ಬಳಿದ. ನೆಲಕ್ಕೆ ಹಲಗೆ ಯಾಕೆ ಅಂತ ಬಿದಿರಿನ ತಟ್ಟಿಯನ್ನೂ ಅವನೇ ಹೆಣೆದು ಹಾಸಿದ. ಚೆಂದವಾಗಿ ಕಾಣುತ್ತಿತ್ತು, ಸುಳ್ಳು ಹೇಳಬಾರದು. ಅಪ್ಪ ಬೇವಿನ ಕೆಳಗೇ ಅದರೊಳಗೆ ಕಾಲು ಚಾಚಿ ಕೂತು ಬೀಡಿ ಸೇದಿದ.

ಬೇಸಿಗೆಯಲ್ಲೂ ಬತ್ತದ ಒಂದು ಮಡು ಇದೆ ನಮ್ಮೂರ ಹೊಳೆಯಲ್ಲಿ. ದೋಣಿಯನ್ನು ಗಾಡಿಯ ಮೇಲೆ ಒಯ್ದು ಅಲ್ಲಿ ಇಳಿಸಿದೆವು. ಅಪ್ಪನೂ ನಾನೂ ಒಳಗೆ, ಚಿಕ್ಕಪ್ಪ ದಡದಲ್ಲಿ. ಸ್ವಲ್ಪ ದೂರ ಹೋಗುವುದರೊಳಗೆ ತಟ್ಟಿ ಕಿರುಗುಟ್ಟತೊಡಗಿತು. ತಳ ಓಡಿ ಬಂದ ಎತ್ತಿನ ಹೊಟ್ಟೆಯ ಹಾಗೆ ಮೇಲೆ ಕೆಳಗೆ ಆಡುತ್ತಿತ್ತು. ಎರಡೂ ಪಕ್ಕಗಳು ಹೊರಕ್ಕೆ ಬಾಗಿದವು. ಡಾಂಬರು ಬಿರುಕು ಬಿಟ್ಟು, ನಾನು ಬಡಿದ ರಿವೆಟ್ಟುಗಳ ಸುತ್ತ ನೀರು ಜಿನುಗಿ, ನೆಲದ ಮೇಲೆ ಕೂತಿದ್ದ ಅಪ್ಪನ ಪಂಚೆ ತೊಯ್ದಿತು. ಅಷ್ಟು ಕೆಳಗೆ ಕೂತವನಿಗೆ ಅಂಚು ದಾಟಿಸಿ ಹುಟ್ಟು ಹಾಕಲೂ ಆಗುತ್ತಿರಲಿಲ್ಲ. ನಾನು ನೀರಿಗಿಳಿದು ತಳ್ಳಿಕೊಂಡು ಬಂದೆ. ನಾನೂ ಚಿಕ್ಕಪ್ಪನೂ ಅಪ್ಪನನ್ನು ರಟ್ಟೆ ಹಿಡಿದು ಇಳಿಸಬೇಕಾಯಿತು.

ದಡದಲ್ಲಿ ನಿಂತು ನೋಡಿದರೆ ಕಾರಣ ಕಣ್ಣಿಗೆ ರಾಚುವಂತಿತ್ತು. ಆ ಮಣೆಗಳು ಬರೀ ಕೂರಲಿಕ್ಕೆ ಇದ್ದವಲ್ಲ. ಎರಡೂ ಪಕ್ಕಗಳನ್ನು ಹಿಡಿದು ನಿಲ್ಲಿಸುವ ತೊಲೆಗಳೂ ಅವೇ. ಹರಿಗೋಲು ದುಂಡಗಿದೆ, ಅದಕ್ಕೆ ಅಂಚು ಸಾಕು. ಉದ್ದನೆಯ ದೋಣಿಗೆ ಅಡ್ಡ ಆಸರೆ ಬೇಕು. ನಾವು ಮೂವರೂ ಸೇರಿ ದೋಣಿಯನ್ನು ಹರಿಗೋಲು ಮಾಡಲು ಹೋಗಿದ್ದೆವು.

"ಮಣಿ ಮತ್ತ ಹಾಕಬೇಕು," ಅಂದೆ.

"ಬ್ಯಾಡ," ಅಂದ ಅಪ್ಪ.

"ಅವಿಲ್ದಿದ್ರ ಇದು ನಿಲ್ಲಂಗಿಲ್ಲಪ್ಪ."

"ನಿಲ್ದಿದ್ರ ಬಿಡು. ಗುಜರಿಗೆ ಹಾಕು. ಅದರ ಜೋಡಿ ನನ್ನೂ ಹಾಕು."

ನನಗೆ ರೇಗಿಹೋಯಿತು. ಕೈ ತೊಳೆದುಕೊಂಡು ಬಸ್ಸು ಹತ್ತಿದೆ. ಮುಂದಿನ ಭಾನುವಾರ ಊರಿಗೆ ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಆದೋನಿಯ ನನ್ನ ಕೋಣೆಯಲ್ಲಿ ಹೊಟ್ಟೆ ತುಂಬ ಉಂಡು ಮಲಗಿದೆ. ನಿದ್ದೆ ಬರಲಿಲ್ಲ ಅಂತ ಬರೆದರೆ ಚೆಂದ. ಆದರೆ ಗಡದ್ದಾಗಿ ಬಂತು, ಅಷ್ಟು ದಣಿದಿದ್ದೆ.

ಒಂದು ಮಧ್ಯಾಹ್ನ ಮಿಲ್ಲಿನ ಗೇಟು ಕಾಯುವವನು ಒಳಗೆ ಬಂದು ಕರೆದ. "ಮೀ ನಾಯ್ನ ವಚ್ಚಿನಾಡು. ಏದೋ ರೇಕು ತೆಚ್ಚಿನಾಡು." ನಿಮ್ಮಪ್ಪ ಬಂದಿದ್ದಾನೆ, ಯಾವುದೋ ತಗಡು ತಂದಿದ್ದಾನೆ ಅಂತ. ಹೊರಗೆ ಹೋದರೆ ಗೋಡೆಯ ನೆರಳಲ್ಲಿ ಅಪ್ಪ ಕಾಲು ಚಾಚಿ ಕೂತಿದ್ದ. ತೊಡೆಯ ಮೇಲೆ ಅಡ್ಡಲಾಗಿ ದೋಣಿಯ ನಡುಮಣೆ. ಕೋಳಿಗೂಡಿನ ಮೇಲಿನಿಂದ ಎತ್ತಿ ತಂದದ್ದು. ಹಿಕ್ಕೆ ಇನ್ನೂ ಅಂಟಿಕೊಂಡಿತ್ತು. ಮೊಣಕಾಲು ಮಡಚಲಾಗದವನು ಬಸ್ಸು ಬದಲಿಸಿ, ಅದನ್ನು ಹೊತ್ತು, ಬಸ್ ಸ್ಟ್ಯಾಂಡಿನಿಂದ ಮಿಲ್ಲಿನ ತನಕ ಆ ಬಿಸಿಲಲ್ಲಿ ನಡೆದು ಬಂದಿದ್ದ.

"ಉಂಡ್ಯಾ ಅಪ್ಪ?" ಅಂದೆ.

"ಇದು ಡೊಂಕಾಗೈತಿ. ನೆಟ್ಟಗ ಮಾಡು," ಅಂದ. ಆಮೇಲೆ ನನ್ನ ಕಡೆ ನೋಡದೆ, "ಕುಂದುರ್ತೀನಿ," ಅಂದ.

ಮತ್ತೆ ಮೊದಲಿಂದ. ಡಾಂಬರು ಕೆರೆದು ತೆಗೆಯುವುದೇ ಒಂದು ಶಿಕ್ಷೆಯಾಯಿತು. ಸಡಿಲವಾದ ರಿವೆಟ್ಟುಗಳನ್ನು ಕೊರೆದು ಹೊಸದು ಹಾಕಿದೆವು. ಅಪ್ಪ ಮತ್ತೆ ದೋಣಿಯ ಕೆಳಗೆ ಅಂಗಾತ ಮಲಗಿದ. ಮೂರೂ ಮಣೆಗಳನ್ನು ಹಳೆಯ ಜಾಗದಲ್ಲೇ, ಮೂಲೆಮೂಲೆಗೆ ಒಂದು ತುಂಡು ಆಸರೆ ಕೊಟ್ಟು ಕೂರಿಸಿದೆವು. ನೆಲಕ್ಕೆ ಲಾರಿ ಬಾಡಿ ಕಟ್ಟುವವರ ಹತ್ತಿರ ಸಿಕ್ಕ ಹಳೆಯ ಹಲಗೆಗಳನ್ನು ನೀರು ಇಳಿಯಲು ಸಂದು ಬಿಟ್ಟು, ಬೇಕಾದಾಗ ಎತ್ತಲು ಬರುವಂತೆ ಹಾಸಿದೆ. ಚಿಕ್ಕಪ್ಪ ಮುನಿಸಿಕೊಂಡಾನು ಅಂದುಕೊಂಡಿದ್ದೆ. ಅವನು ತನ್ನ ಬಿದಿರ ತಟ್ಟಿ ಎತ್ತಿಕೊಂಡು ಹೋಗಿ ಬೋಳಾಗಿದ್ದ ಕೋಳಿಗೂಡಿಗೆ ಹೊದಿಸಿ ಬಂದ.

ಇನ್ನೊಂದು ತೊಡಕು ಉಳಿದಿತ್ತು. ಮಣೆಯ ಮೇಲೆ ಕೂತು ಒಂದೇ ಹುಟ್ಟು ಎಳೆದರೆ ಉದ್ದನೆಯ ದೋಣಿ ಒಂದೇ ಕಡೆ ತಿರುಗುತ್ತದೆ. ಎರಡೂ ಪಕ್ಕಕ್ಕೆ ಒಂದೊಂದು ಉದ್ದದ ಹುಟ್ಟು ಸಿಕ್ಕಿಸಿ ಎರಡನ್ನೂ ಒಟ್ಟಿಗೆ ಎಳೆಯಬೇಕು. ಹಾಗೆ ಎಳೆಯುವವನು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕು. "ಹೋಗಾ ದಾರಿಗೆ ಬೆನ್ನು ಕೊಟ್ಟು ಹೆಂಗ ಹೋಗ್ಲಿ?" ಎಂದು ಅಪ್ಪ ಗೊಣಗಿದ. ನಡುನಡುವೆ ಹೊಳ್ಳಿ ನೋಡು ಅಂದೆ.

ಹೊಸ ನೀರು ಬಂದು, ಮೊದಲ ರಭಸ ಇಳಿದ ಮೇಲೆ ಒಂದು ಬೆಳಿಗ್ಗೆ ದೋಣಿಯನ್ನು ಹೊಳೆಗೆ ಇಳಿಸಿದೆವು. ತಳ ಅಲುಗಲಿಲ್ಲ. ರಿವೆಟ್ಟುಗಳ ಸುತ್ತ ಹನಿ ನೀರಿಲ್ಲ. ನಾನು ಹತ್ತಲು ಹೋದರೆ ಅಪ್ಪ ಬೇಡ ಅಂದ. ನಡುಮಣೆಯ ಮೇಲೆ ಕೂತು, ಕಾಲು ಚಾಚಿ ಪಾದಗಳನ್ನು ನೆಲದ ಹಲಗೆಗೆ ಒತ್ತಿ, ಎಳೆದ. ದೋಣಿ ದಡ ಬಿಟ್ಟಿತು.

ಬುದ್ಧಿ ಬಂದಾಗಿನಿಂದ ಅಪ್ಪ ಹೊಳೆಗೆ ಹೋಗುವುದನ್ನು ನೋಡಿದ್ದೇನೆ. ನೋಡಿದ್ದೆಲ್ಲ ಅವನ ಬೆನ್ನು. ಹರಿಗೋಲಿನಲ್ಲಿ ಮುಂದಕ್ಕೆ ಮುಖ ಮಾಡಿ ಕೂತವನು ಒಮ್ಮೆಯೂ ಹಿಂದೆ ತಿರುಗುತ್ತಿರಲಿಲ್ಲ. ಈಗ ಅವನ ಮುಖ ನಮ್ಮ ಕಡೆ ಇತ್ತು. ಪ್ರತಿ ಸಲ ಎಳೆದಾಗಲೂ ಮೊಣಕಾಲ ನೋವಿಗೆ ಅವನ ಬಾಯಿ ಬಿಗಿಯುತ್ತಿತ್ತು. ಅದು ನಮಗೆ ಕಾಣುತ್ತಿದೆ ಅಂತ ಅವನಿಗೂ ಗೊತ್ತಾಗುತ್ತಿತ್ತು. ಒಂದು ಹುಟ್ಟು ಬಿಟ್ಟು ಕೈ ಬೀಸಿದ. ದೋಣಿ ಓರೆಯಾಯಿತು, ಮತ್ತೆ ಹಿಡಿದುಕೊಂಡ.

"ಮನಿಗೆ ಹೋಗ್ರಿ," ಎಂದು ಕೂಗಿದ. "ಯಾಕ ನಿಂತೀರಿ?"

ನಾನು ಹೊರಟೆ. ಸ್ವಲ್ಪ ದೂರ ಹೋಗಿ ನೋಡಿದರೆ ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಅಲ್ಲೇ ನಿಂತಿದ್ದಳು.

"ಬಾರವ್ವ. ನಾವು ನಿಂತಿದ್ರ ಆತಗ ಬ್ಯಾಸರಾಕ್ಕೈತಿ," ಅಂದೆ.

"ಆಗ್ಲಿ," ಅಂದಳು, ಹೊಳೆಯಿಂದ ಕಣ್ಣು ತೆಗೆಯದೆ. "ಇಷ್ಟು ವರ್ಷ ಈತ ಹೋಗಾದನ್ನ ನಾ ನೋಡ್ಕಂತ ನಿಂತೀನಿ. ನಿಂತಾಕಿನ್ನ ಆತನೂ ಒಂದಿನ ನೋಡ್ಲಿ."