ನಾನು ಬರೆದುಕೊಂಡ ಅರ್ಧ ವಾಕ್ಯ

ದೆವ್ವ, ಶಕುನ, ಕನಸಿನಲ್ಲಿ ಬಂದು ಹೇಳುವ ಹಿರಿಯರು, ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ನಕ್ಕುಬಿಡುವವಳು ನಾನು. ಮೂವತ್ತು ವರ್ಷ ವಿಮಾ ಕಚೇರಿಯಲ್ಲಿ ಸ್ಟೆನೋ ಆಗಿ ದುಡಿದವಳಿಗೆ ಕೇಳಿದ್ದನ್ನು ಬರೆಯುವುದಷ್ಟೇ ಗೊತ್ತು. ಆದರೆ ಐದಾರು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ನನ್ನ ಕೈ ಬರೆದದ್ದು ಎಲ್ಲಿಂದ ಬಂತೆಂದು ಇವತ್ತಿಗೂ ತಿಳಿದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಾವು ಧಾರವಾಡದವರು. ಯಜಮಾನರ ರೈಲ್ವೆ ನೌಕರಿಯಿಂದಾಗಿ ವಡೋದರಾಕ್ಕೆ ಬಂದು, ಫತೇಗಂಜ್‌ನಲ್ಲಿ ಮನೆ ಮಾಡಿ, ಅಲ್ಲೇ ಉಳಿದುಬಿಟ್ಟೆವು. ಮಹಡಿಯ ಕೋಣೆಯನ್ನು ಓದುವ ಮಕ್ಕಳಿಗೆ ಬಾಡಿಗೆಗೆ ಕೊಡುತ್ತೇವೆ. ಆ ವರ್ಷ ಬಂದವಳು ಹೊರದೇಶದ ಹುಡುಗಿ. ಅವಳ ಹೆಸರನ್ನಾಗಲಿ ದೇಶದ ಹೆಸರನ್ನಾಗಲಿ ಬರೆಯುವುದಿಲ್ಲ, ಅವಳ ತಾಯಿ ಇನ್ನೂ ಅಲ್ಲೇ ಇದ್ದಾರೆ. ಅಲ್ಲಿ ಸೈನ್ಯವೇ ಸರ್ಕಾರ. ಗುಡ್ಡಗಾಡಿನ ಜನ ಬಂದೂಕು ಹಿಡಿದು ತಿರುಗಿಬಿದ್ದರು, ಸೈನ್ಯ ಊರಿಗೆ ಊರನ್ನೇ ಹೊಸಕಿಹಾಕಿತು. ಇವಳ ಅಣ್ಣ ಶಾಲೆಯ ಮೇಷ್ಟ್ರು, ಬಂದೂಕು ಮುಟ್ಟಿದವನಲ್ಲ. ಅವನನ್ನೂ ಎಳೆದುಕೊಂಡು ಹೋದರು. ಕೇಳಲು ಹೋದರೆ, ಅಂಥವನು ನಮ್ಮ ಹತ್ತಿರ ಇಲ್ಲವೇ ಇಲ್ಲ ಎಂದರಂತೆ.

ಆ ದಂಗೆ ಮತ್ತು ದಮನದ ಬಗ್ಗೆ ಅವಳು ಸಾಕ್ಷ್ಯಚಿತ್ರ ಮಾಡುತ್ತಿದ್ದಳು. ಊರಿನವರು ಕದ್ದುಮುಚ್ಚಿ ಮೊಬೈಲಿನಲ್ಲಿ ಹಿಡಿದ ನೂರಾರು ತುಣುಕುಗಳು ಕೈಸೇರಿದ್ದವು. ನೋಡಲು ಮಾತ್ರ ಧೈರ್ಯವಿಲ್ಲ. ಯಾವುದರಲ್ಲಿ ಅಣ್ಣನ ಹೆಣ ಇರುತ್ತದೋ ಎಂಬ ಭಯ. "ಆಂಟಿ, ಮೊದಲು ನೀವು ನೋಡಿ" ಎಂದು ಅವನ ಫೋಟೋ ಕೊಟ್ಟಳು. ದಿನಾ ಊಟವಾದ ಮೇಲೆ ಇಯರ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆ. ಎಷ್ಟನೇ ನಿಮಿಷಕ್ಕೆ ಏನಿದೆ ಎಂದು ಬರೆಯುವುದು. ಅವರ ಭಾಷೆ ಬಾರದ್ದರಿಂದ ಕಿವಿಗೆ ಬಿದ್ದ ಸದ್ದನ್ನು ಹಾಗೆಯೇ ಕನ್ನಡ ಅಕ್ಷರಕ್ಕೆ ಇಳಿಸುವುದು. ಸಂಜೆ ಚಹಾದ ಹೊತ್ತಿಗೆ ಓದಿ ಹೇಳಿದರೆ ಅವಳಿಗೆ ಎಲ್ಲ ಅರ್ಥವಾಗುತ್ತಿತ್ತು. ನಮ್ಮ ಲಿಪಿಯ ಬಗ್ಗೆ ನನಗೆ ಸ್ವಲ್ಪ ಜಂಬವೇ ಬಂದಿತ್ತು.

ಒಂದು ಸಂಜೆ ಹಾಗೇ ಓದುತ್ತಿದ್ದೆ. ಶಾಲೆಯ ಅಂಗಳದಲ್ಲಿ ಸೈನಿಕರು ಗಂಡಸರನ್ನು ಸಾಲಾಗಿ ಕುಕ್ಕರಗಾಲಲ್ಲಿ ಕೂರಿಸಿದ ತುಣುಕು, ಒಬ್ಬ ಗಂಡಸಿನ ದನಿ, ಎರಡು ಸಾಲು ಮಾತು. "ಲೂಮಿ" ಎಂಬ ಮೊದಲ ಸದ್ದಿಗೇ ಅವಳು ಕಪ್ ಕೆಳಗಿಟ್ಟಳು. ಅಣ್ಣನೊಬ್ಬನೇ ಅವಳನ್ನು ಕರೆಯುತ್ತಿದ್ದ ಹೆಸರಂತೆ ಅದು. ಮತ್ತೆ ಮತ್ತೆ ಓದಿಸಿ ಅರ್ಥ ಹೇಳಿದಳು: "ಲೂಮಿ, ಸಿನಿಮಾದಲ್ಲಿ ನನ್ನ ಮುಖ ತೋರಿಸಬೇಡ. ಅಮ್ಮನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾರೆ. ಅಮ್ಮನಿಗೆ ಹೇಳು..." ಅಷ್ಟಕ್ಕೆ ಬರಹ ನಿಂತಿತ್ತು.

"ಮುಂದೆ?" ಎಂದಳು.

ಮುಂದಿರಲಿಲ್ಲ. ಮಧ್ಯಾಹ್ನ ಅದನ್ನು ಬರೆಯುತ್ತಿದ್ದಾಗ ಗ್ಯಾಸ್ ಸಿಲಿಂಡರಿನವನು ಬೆಲ್ ಹೊಡೆದಿದ್ದ, ಎದ್ದು ಹೋಗಿದ್ದೆ. ಬರುವಷ್ಟರಲ್ಲಿ ತುಣುಕು ಮುಗಿದಿತ್ತು. ಬಾರದ ಭಾಷೆಯಲ್ಲಿ ಒಂದೆರಡು ಸಾಲು ತಪ್ಪಿದರೇನಂತೆ ಎಂದು ಮುಂದಿನದಕ್ಕೆ ಹೋಗಿದ್ದೆ.

ಲ್ಯಾಪ್‌ಟಾಪ್ ತೆಗೆದೆವು. ಸಾಲಿನಲ್ಲಿ ನಾಲ್ಕನೆಯವನು ಅವಳ ಅಣ್ಣ. ಗಡ್ಡ ಬೆಳೆದಿದ್ದರಿಂದ ನನಗೆ ಗುರುತು ಸಿಕ್ಕಿರಲಿಲ್ಲ. ಬದುಕಿದ್ದ. ಆದರೆ ಅವನ ತುಟಿ ಅಲುಗಲೇ ಇಲ್ಲ. ಆ ತುಣುಕಿನಲ್ಲಿ ಧ್ವನಿಯೂ ಇರಲಿಲ್ಲ, ತಮ್ಮ ಸುಳಿವು ಸಿಗಬಾರದೆಂದು ಕಳಿಸಿದವರು ಅಳಿಸಿಬಿಟ್ಟಿದ್ದರು. ಹತ್ತು ಸಲ ಹಾಕಿ ನೋಡಿದೆವು, ಏನೂ ಕೇಳಲಿಲ್ಲ. ಇನ್ನೂ ಒಂದು ಮಾತು. ಆ ದೃಶ್ಯ ಹಿಡಿದಾಗ ಇವಳಿಗೆ ಸಿನಿಮಾದ ಯೋಚನೆಯೇ ಇರಲಿಲ್ಲ.

"ಉಂಡು ಕೂತಿದ್ದಿ, ಜೊಂಪು ಹತ್ತಿರಬೇಕು. ಆಕಿ ಮ್ಯಾಲ ಫೋನಿನ್ಯಾಗ ಮಾತಾಡೂದು ಕಿವಿಗೆ ಬಿದ್ದಿರ್ತದ, ಅದನ್ನ ಗೀಚೀದಿ" ಎಂದರು ಯಜಮಾನರು. ಇರಬಹುದು. ಆದರೆ ಅಣ್ಣ ತನ್ನನ್ನು ಕರೆಯುವ ಹೆಸರನ್ನು ಅವಳೇ ಯಾರ ಮುಂದೆ ಹೇಳಿಕೊಂಡಾಳು?

ಸೈನ್ಯದ ಸುಳ್ಳನ್ನು ಬಯಲು ಮಾಡಲು ಆ ತುಣುಕೊಂದೇ ಸಾಕ್ಷಿ. ತೋರಿಸಿದರೆ ತಾಯಿಗೆ ಅಪಾಯ, ತೋರಿಸದಿದ್ದರೆ ಅಣ್ಣ ಅವರ ಕೈಯಲ್ಲಿದ್ದ ಎನ್ನಲು ಬೇರೆ ಆಧಾರವಿಲ್ಲ. ನಾಲ್ಕು ದಿನ ಹುಡುಗಿ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ನನ್ನೆದುರೇ ಆ ಭಾಗ ಕತ್ತರಿಸಿದಳು. ಅಹಮದಾಬಾದಿನ ಸ್ಯಾಟಲೈಟ್ ಎಂಬ ಬಡಾವಣೆಯ ಒಂದು ಸಣ್ಣ ಹಾಲಿನಲ್ಲಿ ಸಿನಿಮಾ ತೋರಿಸಿದಾಗ ನಾವೂ ಹೋಗಿದ್ದೆವು. ಅದರಲ್ಲಿ ಅಣ್ಣ ಇರಲಿಲ್ಲ. ಆಮೇಲೆ ತಾಯಿಯ ಮನೆಗೆ ಸೈನ್ಯದವರು ಯಾರೂ ಹೋಗಲಿಲ್ಲ. ಅಣ್ಣನೂ ಬರಲಿಲ್ಲ.

ಅವಳು ಈಗ ಇನ್ನೊಂದು ದೇಶದಲ್ಲಿದ್ದಾಳೆ. ಹೋದ ತಿಂಗಳು ಫೋನ್ ಮಾಡಿ, ಅಮ್ಮ ಕೇಳಿಕಳಿಸಿದ್ದಾರೆ ಎಂದಳು. ‘ಅಮ್ಮನಿಗೆ ಹೇಳು’ ಎಂದ ಮೇಲೆ ಮಗ ಏನು ಹೇಳಿದ, ಆ ಆಂಟಿಗೆ ಒಂದೇ ಒಂದು ಸದ್ದಾದರೂ ನೆನಪಿದೆಯೇ ಎಂದು. ಇಲ್ಲ, ಅವನು ಅಷ್ಟಕ್ಕೇ ಮಾತು ನಿಲ್ಲಿಸಿದ್ದ ಎಂದೆ.

ಅದು ಸುಳ್ಳು. ಬಾಗಿಲು ತೆಗೆಯಲು ಏಳುವಾಗ ಇಯರ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಿದ್ದೆ. ಅದರೊಳಗೆ ಅವನು ಇನ್ನೂ ಮಾತಾಡುತ್ತಲೇ ಇದ್ದ.