ಇಪ್ಪತ್ತೆರಡು ಕಿಲೋದಲ್ಲಿ ನನಗೆ ಜಾಗವಿಲ್ಲ

ನಾನು ಚಿಕ್ಕವನಿದ್ದಾಗ ಒಂದು ಈಳಿಗೆ ಮಣೆಯನ್ನು ಕಂಡು ಹೊಟ್ಟೆಕಿಚ್ಚು ಪಟ್ಟಿದ್ದೆ. ಒಂದು ದೋಸೆ ಕಾವಲಿಯನ್ನು ಕಂಡೂ ಪಟ್ಟಿದ್ದೆ. ಚಕ್ಕಲಿ ಒರಳನ್ನಂತೂ ಬಾವಿಗೆ ಎಸೆದುಬಿಡಬೇಕು ಅನ್ನಿಸಿತ್ತು. ನೀವು ನಗುತ್ತೀರಿ ಎಂದು ಗೊತ್ತು, ನಗಿ. ಆದರೆ ಆ ಬೇಸಿಗೆಯಲ್ಲಿ ಅವೆಲ್ಲ ನನ್ನ ಅಕ್ಕನ ಜೊತೆ ಸಮುದ್ರ ದಾಟಿ ಜಾಂಬಿಯಾ ದೇಶಕ್ಕೆ ಹೊರಟಿದ್ದವು. ನಾನು ಮಾತ್ರ ನಮ್ಮೂರಾದ ಮಿಡಿಗೇಶಿಯಲ್ಲೇ ಉಳಿಯುವವನಾಗಿದ್ದೆ.

ಅಕ್ಕ ನನಗಿಂತ ಹದಿಮೂರು ವರ್ಷ ದೊಡ್ಡವಳು. ಅಮ್ಮ ಹೊಲಕ್ಕೆ ಹೋದರೆ ನನಗೆ ಉಣ್ಣಿಸುವುದು, ತಲೆ ಬಾಚುವುದು, ಮೂಗು ಒರೆಸುವುದು ಎಲ್ಲ ಅವಳೇ. ನಾವಿಬ್ಬರೂ ಹೊದೆಯುತ್ತಿದ್ದುದು ಒಂದೇ ಕಂಬಳಿ. ಅಪ್ಪ ಶಿರಾ ಕಡೆಯಿಂದ ತಂದ ಕರಿ ಕಂಬಳಿ ಅದು. ಹೊಸದರಲ್ಲಿ ಹುಣಸೆ ಬೀಜದ ಗಂಜಿಯ ವಾಸನೆ ಹೊಡೆಯುತ್ತಿತ್ತು, ಮೈಗೆಲ್ಲ ಚುಚ್ಚುತ್ತಿತ್ತು. ಬರುಬರುತ್ತಾ ಮೆತ್ತಗಾಗಿ, ಅಕ್ಕನ ತಲೆಯ ಹರಳೆಣ್ಣೆಯ ವಾಸನೆಯನ್ನೂ ಒಲೆಯ ಹೊಗೆಯನ್ನೂ ಹೀರಿಕೊಂಡಿತ್ತು. ಅಕ್ಕನಿಗೆ ಮದುವೆಯಾಗಿ ಎರಡು ತಿಂಗಳಾಗಿತ್ತು. ಭಾವ ಶಿರಾದಲ್ಲಿ ವಿಜ್ಞಾನದ ಮೇಷ್ಟರು. ಅವರಿಗೆ ಜಾಂಬಿಯಾದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿ, ಅಕ್ಕ ಸಾಮಾನು ಕಟ್ಟಿಕೊಳ್ಳಲು ತವರಿಗೆ ಬಂದಿದ್ದಳು.

ನಾನು ಎಲ್ಲವನ್ನೂ ಬರೆದಿಡುವ ಹುಡುಗ. ಯಾವ ದಿನ ಮಳೆ ಬಂತು, ಯಾವ ಕೋಳಿ ಎಷ್ಟು ಮೊಟ್ಟೆ ಇಟ್ಟಿತು, ಮಧುಗಿರಿ ಬಸ್ಸು ಎಷ್ಟು ದಿನ ತಡವಾಯಿತು, ಎಲ್ಲಕ್ಕೂ ತಾರೀಖು ಹಾಕಿ ಗೀಟು ಎಳೆದು ಬರೆಯುತ್ತಿದ್ದೆ. ಆ ನೋಟ್‌ಬುಕ್ ಈಗಲೂ ನನ್ನ ಬಳಿ ಇದೆ. ಅದನ್ನು ಪಕ್ಕದಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ‘ಏಪ್ರಿಲ್ ಇಪ್ಪತ್ತೆರಡು, ಭಾನುವಾರ. ಸಾಮಾನು ತೂಕ’ ಎಂದು ಪುಟದ ಮೇಲೆ ಇದೆ.

ಹಿಂದಿನ ದಿನ ಭಾವನ ಕಾಗದ ಬಂದಿತ್ತು. ವಿಮಾನದಲ್ಲಿ ಇಬ್ಬರಿಗೂ ಸೇರಿ ನಲವತ್ತು ಕಿಲೋ. ಅವರ ಪುಸ್ತಕ, ಬಟ್ಟೆ, ತಗಡಿನ ಪೆಟ್ಟಿಗೆಗಳಿಗೆ ಹದಿನೆಂಟು ಹೋಗುತ್ತದೆ. ಮನೆ ಸಾಮಾನಿಗೂ ಅಕ್ಕನ ಬಟ್ಟೆಗೂ ಉಳಿಯುವುದು ಇಪ್ಪತ್ತೆರಡು. ಅದಕ್ಕಿಂತ ಒಂದು ಚಮಚ ಹೆಚ್ಚಾದರೂ ವಿಮಾನ ಹತ್ತುವ ಬೊಂಬಾಯಿಯಲ್ಲೇ ಬಿಟ್ಟು ಹೋಗಬೇಕು.

ಬೆಳಿಗ್ಗೆ ಅಪ್ಪ ಅಂಗಳದ ಹೊಂಗೆ ಮರಕ್ಕೆ ಕಡಲೆಕಾಯಿ ತೂಗುವ ದೊಡ್ಡ ತಕ್ಕಡಿ ಕಟ್ಟಿದರು. ಹೊಂಗೆ ಹೂವು ತಕ್ಕಡಿಯ ತಟ್ಟೆಗೆ ಉದುರುತ್ತಿತ್ತು. ಅಪ್ಪ ಅದನ್ನು ಊದಿ ಊದಿ ತೆಗೆಯುತ್ತಿದ್ದರು. ಅಪ್ಪನಿಗೆ ಓದುಬರಹ ಅಷ್ಟಾಗಿ ಬರುತ್ತಿರಲಿಲ್ಲ. ಕಡಲೆಕಾಯಿ ಸುಗ್ಗಿಯಲ್ಲೂ ಹಾಗೆಯೇ, ತೂಗಿ ಕೂಗುವುದು ಅಪ್ಪ, ಬರೆದು ಕೂಡುವುದು ನಾನು. ಕೊಳ್ಳಲು ಬಂದವರ ಮುಂದೆ ಅಪ್ಪ, “ನನ್ ಮಗ ಬರ್ದ ಅಂದ್ರೆ ಮುಗೀತು. ಇನ್ನೊಂದ್ಸಲ ಕೂಡೋದೇ ಬ್ಯಾಡ” ಎಂದು ಮೀಸೆ ಸವರಿಕೊಳ್ಳುತ್ತಿದ್ದರು.

ಮೊದಲು ಬಂದವಳು ಅಜ್ಜಿ. ಚಟ್ನಿ ಅರೆಯುವ ಗುಂಡುಕಲ್ಲನ್ನು ಉರುಳಿಸಿಕೊಂಡೇ ಬಂದಳು.

“ಇದ್ನ ತೂಗ್ಲಾ ಮಗ.”

“ಅವ್ವ, ಅದು ವಿಮಾನ ಕಣವ್ವ. ಎತ್ತಿನ ಗಾಡಿ ಅಲ್ಲ,” ಅಂದರು ಅಪ್ಪ.

“ಅಂಗಾದ್ರೆ ಮಗೀಗೆ ಚಟ್ನಿ ಬ್ಯಾಡ್ವಾ? ಅಲ್ಲಿ ಕಲ್ಲು ಇರ್ತದೋ ಇಲ್ವೋ.”

“ಕಲ್ಲಿಲ್ದಿರೋ ದೇಶ ಎಲ್ಲಾದ್ರೂ ಐತಾ ಅಜ್ಜಿ?” ಎಂದು ಅಕ್ಕ ನಕ್ಕಳು.

ಅಜ್ಜಿ ಊರ ಹಿಂದಿನ ಬೆಟ್ಟವನ್ನೊಮ್ಮೆ ನೋಡಿದಳು. “ನಮ್ ಕಲ್ಲೇ ಬ್ಯಾರೆ ಬುಡು,” ಎಂದು ಮುಖ ತಿರುಗಿಸಿದಳು. ಕಲ್ಲು ಏಳು ಕಿಲೋ ತೂಗಿತು. ‘ಇಲ್ಲ’ ಎಂದು ಬರೆದೆ. ಆ ದಿನ ನಾನು ಸಂತೋಷದಿಂದ ಬರೆದದ್ದು ಅದೊಂದೇ.

ಉಳಿದವೆಲ್ಲ ‘ಹೌದು’ ಆಗುತ್ತಾ ಹೋದವು. ಅಕ್ಕ ಒಂದೊಂದನ್ನೂ ಕೈಯಲ್ಲಿ ಸವರಿ, ತಿರುಗಿಸಿ ನೋಡಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತುತ್ತಿದ್ದಳು. ಈಳಿಗೆ ಮಣೆಯನ್ನು ಕೂಸಿನ ಹಾಗೆ ಬೆಚ್ಚಗೆ ಸುತ್ತಿ ಮಲಗಿಸಿದಳು. ನನ್ನ ತಲೆ ಬಾಚಿ ಅವಳಿಗೆ ಮೂರು ದಿನವಾಗಿತ್ತು. ಅದನ್ನೂ ಬರೆದಿಟ್ಟಿದ್ದೇನೆ. ಹುಣಸೆಹಣ್ಣಿನಲ್ಲಿ ಉಜ್ಜಿದ ಚಕ್ಕಲಿ ಒರಳು ಬಿಸಿಲಿಗೆ ಚಿನ್ನದಂತೆ ಹೊಳೆಯುತ್ತಾ ಬಂದಾಗ, “ಇದು ಬೇಕೇ ಬೇಕು ಕಣಮ್ಮ,” ಅಂದಳು ಅಕ್ಕ. ನನ್ನ ಬಗ್ಗೆ ಅವಳು ಯಾವತ್ತಾದರೂ ಹಾಗೆ ಹೇಳಿದ್ದಳೇ ಎಂದು ಯೋಚಿಸಿದೆ. ನೆನಪಾಗಲಿಲ್ಲ.

ಅಪ್ಪ ನೀರು ಕುಡಿಯಲು ಒಳಗೆ ಹೋದರು. ನಾನು ತಕ್ಕಡಿಯ ತಟ್ಟೆಗೆ ಹತ್ತಿ ಚಕ್ಕಳಮಕ್ಕಳ ಹಾಕಿ ಕುಳಿತೆ. ಸರಪಳಿ ಕಿರುಗುಟ್ಟಿತು. ಅಕ್ಕ ಆ ಕಡೆಯ ತಟ್ಟೆಗೆ ಒಂದೊಂದೇ ತೂಕದ ಬಟ್ಟು ಇಡುತ್ತಾ ಬಂದಳು.

“ಇಪ್ಪತ್ಮೂರು! ಒಂದ್ಕಿಲೋ ಜಾಸ್ತಿ ಆಗೋಯ್ತಲ್ಲೋ. ಇಲ್ದಿದ್ರೆ ಪೆಟ್ಗೇಲಿ ಹಾಕ್ಕೊಂಡು ಹೋಗ್ಬುಡ್ತಿದ್ದೆ.”

“ಕೂದ್ಲು ಕತ್ತರಿಸ್ಕೊಂಡು ಬತ್ತೀನಿ ಅಕ್ಕ,” ಅಂದೆ.

“ನಿನ್ ಕೂದ್ಲು ಒಂದ್ಕಿಲೋ ಬತ್ತದೇನ್ಲಾ? ಹೇನು ಸೇರ್ಸಿ ತೂಗಿದ್ರೆ ಬರ್ಬೋದು!”

ಅಮ್ಮ, ಅಜ್ಜಿ, ಅಕ್ಕ ಮೂವರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಆಗಲೇ ಲೆಕ್ಕ ಹಾಕಿದ್ದೆ. ನಾನು ಹೋಗಬೇಕೆಂದರೆ ಪಾತ್ರೆ, ಕಾವಲಿ, ಉಪ್ಪಿನಕಾಯಿ, ಸೀರೆ ಎಲ್ಲವೂ ಉಳಿಯಬೇಕು. ಉಳಿಯಲಿ, ನಾನೊಬ್ಬನೇ ಸಾಲದೇ ಎಂದುಕೊಂಡಿದ್ದೆ.

ಆಮೇಲೆ ರಾಗಿ ಹಿಟ್ಟು ಬಂತು. ಎರಡು ವರ್ಷ ಹಗೇವಿನಲ್ಲಿ, ನೆಲದೊಳಗಿನ ಆ ಕತ್ತಲ ಗುಂಡಿಯಲ್ಲಿ ಕಾದಿದ್ದ ರಾಗಿ. ಅಕ್ಕನಿಗೆಂದೇ ಅಪ್ಪ ಹಗೇವು ತೆಗೆಸಿದ್ದರು. ಅಮ್ಮ ತೊಳೆದು ಒಣಗಿಸಿ, ಬೀಸಿ, ಜರಡಿ ಹಿಡಿದಿದ್ದಳು. ಗಂಟಿನ ಬಾಯಿ ಬಿಚ್ಚಿದರೆ ಹಳೆಯ ರಾಗಿಯ ಮಣ್ಣಿನ ಘಮಲು. ಹೊಸ ಮನೆಯಲ್ಲಿ ಮೊದಲ ಮುದ್ದೆ ಇದರದ್ದೇ ಆಗಬೇಕು ಎಂದು ಅಕ್ಕ ವಾರದಿಂದ ಹೇಳುತ್ತಿದ್ದಳು. ಹಿಟ್ಟು ಎರಡು ಕಿಲೋ. ಬರೆದೆ.

“ಅಲ್ಲಿ ಜೂನು ಜುಲೈನಾಗೆ ಚಳಿ ಅಂತ ಅಳಿಯಂದ್ರು ಬರ್ದವ್ರಲ್ಲ. ಕಂಬ್ಳಿ ತಗೊಂಡು ಹೋಗೇ,” ಅಂದಳು ಅಮ್ಮ.

ಅಕ್ಕ ಒಳಗೆ ಹೋಗಿ ನಮ್ಮ ಕಂಬಳಿಯನ್ನು ತಂದಳು. ಆಗ ನನಗಾದ ಹೊಟ್ಟೆಕಿಚ್ಚನ್ನು ಹೇಗೆ ಹೇಳಲಿ? ಕಾವಲಿ ಒಲೆಯ ಮೇಲಿರುತ್ತದೆ, ಒರಳು ಗೂಡಿನಲ್ಲಿರುತ್ತದೆ. ಕಂಬಳಿ ಹಾಗಲ್ಲ. ನಾನಿಲ್ಲದ ಊರಿನಲ್ಲಿ ಅದು ಪ್ರತಿ ರಾತ್ರಿ ಅಕ್ಕನ ಪಕ್ಕದಲ್ಲಿ ಮಲಗುತ್ತದೆ. ನನ್ನ ಜಾಗಕ್ಕೆ ಅದು ಹೊರಟಿತ್ತು.

“ಕಂಬ್ಳಿ, ಮೂರು,” ಎಂದು ಅಪ್ಪ ಕೂಗಿದರು.

ನಾನು ಐದು ಎಂದು ಬರೆದೆ. ಗೀಟನ್ನೂ ನೇರವಾಗಿಯೇ ಎಳೆದೆ. ಅದನ್ನೂ ಹೇಳಿಬಿಡುತ್ತೇನೆ.

ಕೂಡಿದೆ. ನಿಜವಾಗಿ ಸರಿಯಾಗಿ ಇಪ್ಪತ್ತೆರಡು ಬರಬೇಕಿತ್ತು. “ಇಪ್ಪತ್ನಾಕು ಅಪ್ಪ. ಎರಡು ಜಾಸ್ತಿ,” ಅಂದೆ. ಯಾವುದು ಎಷ್ಟೆಂದು ಕೇಳಿದರು, ಓದಿ ಹೇಳಿದೆ.

“ಕಂಬ್ಳಿ ಐದು ಬಂತಾ?” ಅಪ್ಪ ಬೆವರು ಒರೆಸಿಕೊಳ್ಳುತ್ತಾ ನನ್ನ ಕಡೆ ನೋಡಿದರು. ಬೆಳಗಿನಿಂದ ಇಪ್ಪತ್ತಕ್ಕಿಂತ ಹೆಚ್ಚು ಸಾಮಾನು ಎತ್ತಿ ಇಳಿಸಿದ್ದರು. “ಇವ್ನು ಬರ್ದವ್ನೆ ಅಂದ್ರೆ ಬಂದಿರ್ತದೆ ಬುಡು.”

“ಅಷ್ಟ್ ತೂಕ ಐತಾ? ಅದ್ನೇ ತೆಗ್ದಾಕೇ,” ಅಂದಳು ಅಮ್ಮ.

ನಾನು ಕಾಯುತ್ತಿದ್ದುದು ಅದೇ ಮಾತಿಗೆ. ಅಕ್ಕ ಕಂಬಳಿಯನ್ನು ಎತ್ತಿಕೊಂಡಳು. ಸ್ವಲ್ಪ ಹೊತ್ತು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಅದನ್ನು ಮತ್ತೆ ಸಾಮಾನಿನ ರಾಶಿಗೆ ಇಟ್ಟು, ರಾಗಿ ಹಿಟ್ಟಿನ ಗಂಟನ್ನು ಅಮ್ಮನ ಕಡೆ ಸರಿಸಿದಳು.

“ಕಂಬ್ಳಿ ಬುಟ್ಟು ಹೋಗಲ್ಲ ಕಣಮ್ಮ. ಇದ್ರಾಗೆ ಇವ್ನು ಉಚ್ಚೆ ಹುಯ್ದಿರೋದ್ಕೆ ಲೆಕ್ಕ ಇಲ್ಲ. ಅದೆಲ್ಲಾ ಈ ದೊಡ್ಡ ಮನ್ಸ ಬರ್ದಿಟ್ಟಿಲ್ಲ! ಮೂಸಿದ್ರೆ ಸಾಕು, ನನ್ ತಮ್ಮ ಪಕ್ಕದಾಗೇ ಮಲ್ಗವ್ನೆ ಅನ್ನಂಗಿರ್ತದೆ.”

“ಒಂದೊತ್ತು ಮುದ್ದೆ ಇಲ್ದಿದ್ರೆ ನಿದ್ದೆ ಬರಲ್ಲ ಅಂತೀಯ. ಹಿಟ್ಟಿಲ್ದೆ ಹೆಂಗಿರ್ತೀಯೇ?”

“ಅನ್ನ ತಿಂತೀನಿ ಬುಡು,” ಅಂದಳು ಅಕ್ಕ, ಗಂಟಿನ ಕಡೆ ನೋಡದೆ.

ಮೂರು. ಆ ಒಂದೇ ಪದ ಹೇಳಿದ್ದರೆ ಸಾಕಿತ್ತು, ಗಂಟು ವಾಪಸು ಬರುತ್ತಿತ್ತು. ಪಕ್ಕದಲ್ಲಿ ಅಪ್ಪ ನಿಂತಿದ್ದರು. ನಾನು ನೋಟ್‌ಬುಕ್ ಮುಚ್ಚಿದೆ. ಅಮ್ಮ ಹಿಟ್ಟನ್ನು ಕೈಚೀಲದಲ್ಲಾದರೂ ತುರುಕಲು ನೋಡಿದಳು. ಅದರಲ್ಲಿ ಮಡಿಲಕ್ಕಿ, ಕೊಬ್ಬರಿ, ಬೆಲ್ಲ ತುಂಬಿ ಬಾಯಿ ಮುಚ್ಚುತ್ತಿರಲಿಲ್ಲ. ಹಿಟ್ಟು ಅಡುಗೆಮನೆಯ ಡಬ್ಬಕ್ಕೆ ಹೋಯಿತು.

ಏಪ್ರಿಲ್ ಇಪ್ಪತ್ತೊಂಬತ್ತರಂದು ಅಕ್ಕ ಹೊರಟಳು. ಬಸ್ಸಿನ ಕಿಟಕಿಯಿಂದ ಕೈ ಚಾಚಿ ನನ್ನ ತಲೆ ಸವರಿದಳು. ಬಸ್ಸಿನ ಮೇಲೆ ಹಗ್ಗ ಬಿಗಿದ ಪೆಟ್ಟಿಗೆಗಳು ಗಟ್ಟಿಯಾಗಿ ಕುಳಿತಿದ್ದವು. ಅವುಗಳನ್ನು ನೋಡದೆ ನೆಲ ನೋಡಿದೆ.

ಉಳಿದ ಹಿಟ್ಟಿನಲ್ಲಿ ಹದಿನಾರು ಮುದ್ದೆ ಆದವು. ನಾಲ್ಕು ಜನ, ನಾಲ್ಕು ಹೊತ್ತು. ಹದಿನಾರಕ್ಕೂ ಗೀಟು ಎಳೆದಿದ್ದೇನೆ, ನೋಟ್‌ಬುಕ್ಕಿನಲ್ಲಿ ನೋಡಬಹುದು. ಅಷ್ಟು ಘಮಘಮಿಸುವ ಮುದ್ದೆ ಅದಕ್ಕೆ ಮೊದಲೂ ತಿಂದಿರಲಿಲ್ಲ, ಆಮೇಲೂ ತಿಂದಿಲ್ಲ. ನನ್ನ ಪಾಲಿನ ನಾಲ್ಕನ್ನೂ ಎಲ್ಲರಿಗಿಂತ ಕೊನೆಗೆ ಮುಗಿಸಿದೆ.

ಮೇ ಇಪ್ಪತ್ತಾರು, ಶನಿವಾರ. ಅಕ್ಕನ ಮೊದಲ ಕಾಗದ. ಅಪ್ಪ ಜಗಲಿಯ ಮೇಲೆ ಕುಳಿತು, “ಜೋರಾಗಿ ಓದ್ಲಾ,” ಅಂದರು. ಅಮ್ಮ, ಅಜ್ಜಿ ಕಂಬಕ್ಕೆ ಒರಗಿದರು. ಅಲ್ಲಿಯವರೂ ಮುದ್ದೆ ತಿರುವುತ್ತಾರಂತೆ, ಮುಸುಕಿನ ಜೋಳದ ಬಿಳಿ ಮುದ್ದೆ. ಪಕ್ಕದ ಮನೆಯ ಹೆಂಗಸು ತಂದುಕೊಟ್ಟಳಂತೆ. ಅದನ್ನು ಓದಿ ಮುಂದೆ ಹೋದರೆ ಹೀಗಿತ್ತು: ‘ಬೊಂಬಾಯಿಯಲ್ಲಿ ತೂಗಿದರೆ ಮೂವತ್ತೆಂಟೇ ಕಿಲೋ ಬಂತು. ನಿನ್ನ ತಮ್ಮನ ಲೆಕ್ಕ ತಪ್ಪಿದೆ ಎಂದು ಇವರು ನಕ್ಕರು. ನನಗೆ ಸಿಟ್ಟು ಬಂತು. ನನ್ನ ತಮ್ಮನ ಲೆಕ್ಕ ತಪ್ಪುವುದೇ ಇಲ್ಲ, ನಿಮ್ಮ ತಕ್ಕಡಿಯೇ ಸರಿ ಇಲ್ಲ ಎಂದು ಅಲ್ಲಿಯ ಆಫೀಸರಿಗೇ ಹೇಳಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.’

ಅಪ್ಪ ತೊಡೆ ತಟ್ಟಿ ನಕ್ಕರು. “ಅಂಗೇ ಆಗ್ಬೇಕು! ನನ್ ಮಗನ್ ಲೆಕ್ಕದ್ ಮುಂದೆ ಅವರ ತಕ್ಕಡಿ ಯಾವ್ ಲೆಕ್ಕ!”

ಕಾಗದದ ಅಕ್ಷರಗಳು ನನ್ನ ಕಣ್ಣಿಗೆ ಕಲಸಿಹೋದವು.

“ಮೂರೇ ಅಪ್ಪ,” ಅಂದೆ.

“ಏನ್ಲಾ ಮೂರು?”

“ಕಂಬ್ಳಿ. ನೀವು ಮೂರು ಅಂದ್ರಿ. ನಾನು ಐದು ಅಂತ ಬರ್ದೆ. ಅದು ಅಕ್ಕನ್ ಜೊತೆ ಹೋಗ್ಬಾರ್ದು ಅಂತ.”

ಅಪ್ಪನ ನಗು ಮೀಸೆಯಲ್ಲೇ ಆರಿತು. ಹೊಡೆಯುತ್ತಾರೆ ಎಂದುಕೊಂಡೆ. ಅವರು ಎದ್ದು ಹೆಗಲ ಮೇಲಿನ ಟವೆಲ್ ಕೊಡವಿದರು. “ಅಂಗಾದ್ರೆ ಮಗ್ಳು ಸುಮ್ಸುಮ್ನೆ ಹಿಟ್ಟಿಲ್ದೆ ಹೋದ್ಳು,” ಎಂದಷ್ಟೇ ಹೇಳಿ ದನಗಳಿಗೆ ನೀರು ಕುಡಿಸಲು ಹೋದರು. ಆ ವರ್ಷದ ಕಡಲೆಕಾಯಿ ಸುಗ್ಗಿಯಲ್ಲೂ ನಾನೇ ಬರೆದೆ. ಆದರೆ ಅಪ್ಪ ಪ್ರತಿ ತೂಕವನ್ನೂ ಎರಡೆರಡು ಸಲ ಕೂಗಿದರು.

ಸೋಮವಾರ, ಮೇ ಇಪ್ಪತ್ತೆಂಟು, ನಾನೇ ಅಂಚೆ ಕಚೇರಿಗೆ ಹೋಗಿ ಹೊರದೇಶಕ್ಕೆ ಹೋಗುವ ನೀಲಿ ಕಾಗದ ತಂದು ಅಕ್ಕನಿಗೆ ನಿಜ ಬರೆದೆ. ಉತ್ತರ ಬಂದದ್ದು ಜುಲೈ ಏಳಕ್ಕೆ. ನಲವತ್ತು ದಿನ. ಒಂದೊಂದು ದಿನವೂ ಸೈಕಲ್ ಗಂಟೆ ಕೇಳಿಸಿದರೆ ಬಾಗಿಲಿಗೆ ಓಡುತ್ತಿದ್ದೆ. ಟಪಾಲಿನವರು ದೂರದಿಂದಲೇ ಕೈ ಆಡಿಸಿ ಇಲ್ಲ ಅನ್ನುತ್ತಿದ್ದರು. ಕೊನೆಗೂ ಬಂದ ಕಾಗದದಲ್ಲಿ ಬೈಗುಳ ಹುಡುಕಿದೆ. ಇದ್ದದ್ದು ಇಷ್ಟು: ‘ಲೇ, ನಾನು ನಿನ್ನನ್ನು ಬಿಟ್ಟು ಹೋಗಿದ್ದಕ್ಕೆ ನಿನಗೆ ಎರಡೇ ಕಿಲೋ ಹೊಟ್ಟೆಕಿಚ್ಚಾ? ನಾನೇನು ಅಷ್ಟು ಹಗುರಾ?’

ಮೂರು ವರ್ಷಕ್ಕೆಂದು ಹೋದ ಅಕ್ಕ ಅಲ್ಲಿಯವಳೇ ಆಗಿಬಿಟ್ಟ ಕಥೆ ನನ್ನ ಮೊಮ್ಮಕ್ಕಳಾದ ನಿಮಗೆ ಗೊತ್ತೇ ಇದೆ. ಅವಳು ಈಗ ನಿಮ್ಮ ದೊಡ್ಡಜ್ಜಿ. ನೀವು ಫೋನನ್ನು ಗೋಡೆಗೆ ಒರಗಿಸಿದರೆ ಅವಳ ಅಡುಗೆಮನೆಯೇ ನಮ್ಮ ನಡುಮನೆಗೆ ಬಂದು ಕೂರುತ್ತದೆ. ಅಲ್ಲಿಯೂ ರಾಗಿ ಬೆಳೆಯುತ್ತಾರೆಂದು ಅವಳಿಗೆ ಆಮೇಲೆ ಗೊತ್ತಾಯಿತು, ಈಗ ಹಿಟ್ಟು ಅಂಗಡಿಯಲ್ಲೇ ಸಿಗುತ್ತದಂತೆ. ನೀವು ಏನಾದರೂ ತಪ್ಪು ಬರೆದರೆ ಆ ಗಳಿಗೆಯಲ್ಲೇ ಅಳಿಸುತ್ತೀರಿ, ‘ಸಾರಿ’ ಕಳಿಸುತ್ತೀರಿ, ಅವಳು ಒಂದು ನಗುವ ಮುಖ ಕಳಿಸಿದರೆ ಮುಗಿಯಿತು. ನಲವತ್ತು ದಿನ ಕಾಯುವುದು ನಿಮಗೆ ಬೇಕಾಗಿಯೇ ಇಲ್ಲ. ಬೇಡ ಬಿಡಿ, ನನ್ನ ಶತ್ರುವಿಗೂ ಬೇಡ.

ಆದರೆ ಒಂದು ಮಾತು. ಕಳೆದ ಭಾನುವಾರ ಅಕ್ಕ ನಿಮ್ಮ ಜೊತೆ ಹದಿನೇಳು ನಿಮಿಷ ಮಾತಾಡಿದಳು, ಒಂಬತ್ತು ಸಲ ನಕ್ಕಳು. ನನ್ನ ಸರದಿ ಬರುವ ಹೊತ್ತಿಗೆ ಅವಳಿಗೆ ಸುಸ್ತಾಗಿತ್ತು. ನನಗೆ ಸಿಕ್ಕಿದ್ದು ನಾಲ್ಕು ನಿಮಿಷ. ಈ ಸಲ ಲೆಕ್ಕ ಸರಿಯಾಗಿಯೇ ಇದೆ, ಬೇಕಾದರೆ ಎರಡು ಸಲ ಕೂಡಿ ನೋಡಿ. ಬರುವ ಭಾನುವಾರ ಫೋನನ್ನು ಮೊದಲು ನನ್ನ ಕೈಗೆ ಕೊಡಿ.